ಮೊಣಕಾಲಿಗೆ ಹೊರೆಯಾಗದ ವ್ಯಾಯಾಮ

ಯಾದಗಿರಿ, ಶಹಾಪುರ, ಸುರಪುರ ಪಟ್ಟಣಗಳಲ್ಲಿ ನಸುಕಿನ ಹೊತ್ತಿಗೆ ಮನೆಯಿಂದ ಹೊರಬಿದ್ದವರಿಗೆ ಈಚಿನ ವರ್ಷಗಳ ಒಂದು ಬದಲಾವಣೆ ಕಣ್ಣಿಗೆ ಬೀಳದಿರದು. ಶಾಲಾ ಕಾಲೇಜುಗಳ ಮೈದಾನಗಳಲ್ಲಿ, ಉದ್ಯಾನಗಳಲ್ಲಿ, ಬಡಾವಣೆಯ ಸಮುದಾಯ ಭವನಗಳಲ್ಲಿ ಚಾಪೆ ಹಾಸಿಕೊಂಡು ನಿಧಾನವಾಗಿ ಕೈಕಾಲು ಚಾಚುವವರು, ಉಸಿರಿನ ಲಯಕ್ಕೆ ತಕ್ಕಂತೆ ಬಾಗುವವರು, ಬಿರುಸಿನ ಹೆಜ್ಜೆಯಲ್ಲಿ ಸುತ್ತು ಹಾಕುವವರು ಕಾಣಸಿಗುತ್ತಾರೆ. ಇವರಲ್ಲಿ ಅನೇಕರು ನಲವತ್ತು ದಾಟಿದವರು. ಒಂದು ಕಾಲಕ್ಕೆ ವ್ಯಾಯಾಮವೆಂದರೆ ಹುಡುಗರ ಕೆಲಸವೆಂದು ನಂಬಿದ್ದ ಮನೆಗಳ ತಾಯಂದಿರೂ ಈಗ ಈ ಸಾಲಿನಲ್ಲಿದ್ದಾರೆ. ಓಟ, ಜಿಗಿತ, ಭಾರ ಎತ್ತುವಿಕೆ ಇವಾವುವೂ ಇಲ್ಲದ ಈ ಅಭ್ಯಾಸಗಳಿಗೆ ಒಟ್ಟಾರೆಯಾಗಿ ‘ಲೋ ಇಂಪ್ಯಾಕ್ಟ್’ ವ್ಯಾಯಾಮಗಳೆಂದು ಹೆಸರು. ನಾವು ಇದನ್ನು ಮೃದು ವ್ಯಾಯಾಮವೆಂದು ಕರೆಯಬಹುದು. ಇದರ ಒಳಗುಟ್ಟೇನು, ಯಾರಿಗೆ ಇದು ಹಿತ, ಎಲ್ಲಿ ಎಚ್ಚರ ಅಗತ್ಯ ಎಂಬುದನ್ನು ಸದ್ಭಕ್ತರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಮೃದು ವ್ಯಾಯಾಮವೆಂದರೇನು?

ನಡೆಯುವಾಗ ನಮ್ಮ ಒಂದು ಪಾದವಾದರೂ ಸದಾ ನೆಲದ ಮೇಲಿರುತ್ತದೆ. ಓಡುವಾಗ ಎರಡೂ ಪಾದಗಳು ಕ್ಷಣಕಾಲ ನೆಲ ಬಿಡುತ್ತವೆ. ಮರಳಿ ನೆಲ ತಾಗುವ ಕ್ಷಣದಲ್ಲಿ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಪಾದದ ಮೂಲಕ ಮೇಲೇರಿ ಹಿಮ್ಮಡಿ, ಮೊಣಕಾಲು, ಸೊಂಟಗಳನ್ನು ತಟ್ಟುತ್ತದೆ. 60 ಕಿಲೋ ತೂಕದ ವ್ಯಕ್ತಿ ಓಡಿದರೆ ಒಂದೊಂದು ಹೆಜ್ಜೆಗೂ 120ರಿಂದ 180 ಕಿಲೋ ತೂಕಕ್ಕೆ ಸಮನಾದ ಬಲವನ್ನು ಅವನ ಕಾಲು ತಾಳಿಕೊಳ್ಳಬೇಕು. ನಡಿಗೆಯಲ್ಲಾದರೋ ಈ ಬಲ ದೇಹದ ತೂಕಕ್ಕಿಂತ ತುಸುವೇ ಹೆಚ್ಚು. ಚಾಪೆಯ ಮೇಲೆ ಮಲಗಿ ಅಥವಾ ಕುರ್ಚಿಯಲ್ಲಿ ಕುಳಿತು ಮಾಡುವ ಅಭ್ಯಾಸಗಳಲ್ಲಿ ನೆಲದ ಈ ಪೆಟ್ಟು ಇಲ್ಲವೇ ಇಲ್ಲ. ಹೀಗೆ ಕೀಲುಗಳಿಗೆ ಪೆಟ್ಟು ಬೀಳದಂತೆ ಸ್ನಾಯುಗಳನ್ನು ದುಡಿಸುವ ಕ್ರಮವೇ ಮೃದು ವ್ಯಾಯಾಮ. ನಡಿಗೆ, ಸೈಕಲ್ ಸವಾರಿ, ಈಜು, ಯೋಗಾಸನ, ಪಾಶ್ಚಾತ್ಯರ ಪಿಲಾಟೆಸ್, ಚೀನಾದ ತಾಯ್ ಚಿ, ಕುರ್ಚಿ ವ್ಯಾಯಾಮ ಇವೆಲ್ಲ ಈ ಬಗೆಗೆ ಸೇರಿದವು.

ಮೃದು ಎಂದಮಾತ್ರಕ್ಕೆ ಇದು ಸುಲಭವೆಂದು ತಿಳಿಯಬೇಕಾಗಿಲ್ಲ. ಗೋಡೆಗೆ ಬೆನ್ನು ಆನಿಸಿ, ಕುರ್ಚಿಯಲ್ಲಿ ಕುಳಿತ ಭಂಗಿಯಲ್ಲಿ ಅರ್ಧ ನಿಮಿಷ ನಿಂತು ನೋಡಿದವರಿಗೆ ತೊಡೆ ನಡುಗುವುದು ಅನುಭವಕ್ಕೆ ಬರುತ್ತದೆ. ಪೆಟ್ಟು ಕಡಿಮೆ, ದುಡಿಮೆ ಸಾಕಷ್ಟು ಎಂಬುದೇ ಇದರ ವಿಶೇಷ. ಈ ಅಭ್ಯಾಸಗಳು ದೇಹದ ನಾಲ್ಕು ಗುಣಗಳನ್ನು ಬೆಳೆಸುತ್ತವೆ: ಸ್ನಾಯುಗಳ ಕಸುವು, ಕೀಲುಗಳ ಬಾಗುವಿಕೆ, ಹೃದಯ ಮತ್ತು ಶ್ವಾಸಕೋಶಗಳ ದಮ್ಮು, ಬೀಳದೆ ನಿಲ್ಲುವ ಸಮತೋಲ. ಈ ನಾಲ್ಕರಲ್ಲಿ ಒಂದು ಕುಂದಿದರೂ ಉಳಿದವು ಪೂರ್ಣ ಫಲ ಕೊಡಲಾರವು.

ಗರಡಿಯಿಂದ ಚಾಪೆಯವರೆಗೆ

ನಮ್ಮ ಸೀಮೆಗೆ ಮೈ ಹುರಿಗೊಳಿಸುವ ಸಾಧನೆ ಹೊಸದಲ್ಲ. ಗರಡಿ ಮನೆಯ ಕೆಂಪು ಮಣ್ಣಿನಲ್ಲಿ ಹುಡುಗರು ಸಾಮು ಮಾಡುತ್ತಿದ್ದರು. ದಂಡ, ಬೈಠಕು, ಗದೆ ತಿರುವುವುದು, ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತುವುದು, ಕಾಳಿನ ಚೀಲ ಹೊರುವುದು ಇವೆಲ್ಲ ಊರಿನ ಅಭಿಮಾನದ ಸಂಗತಿಗಳಾಗಿದ್ದವು. ಕುಸ್ತಿಯ ಕಣ ಇಂದಿಗೂ ನಮ್ಮ ಅನೇಕ ಜಾತ್ರೆಗಳ ಶೋಭೆ. ಆದರೆ ಆ ಸಾಧನೆ ಹರೆಯದ ಗಂಡುಮಕ್ಕಳಿಗೆ ಮೀಸಲಾಗಿತ್ತು. ಹೆಂಗಸರಿಗೆ ಗರಡಿಯ ಬಾಗಿಲು ತೆರೆದಿರಲಿಲ್ಲ. ಮುಪ್ಪಿನವರು ಕಟ್ಟೆಯ ಮೇಲೆ ಕುಳಿತು ನೋಡುವವರಾಗಿದ್ದರು. ಅವರ ಮೈಗೆ ಬೇಕಾದ ದುಡಿಮೆಯನ್ನು ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗ, ಹೊಲದ ದಾರಿಗಳೇ ಒದಗಿಸುತ್ತಿದ್ದವು. ಇಂದು ಹಿಟ್ಟಿನ ಗಿರಣಿ, ಮಿಕ್ಸರ್, ನಲ್ಲಿ, ಮೋಟಾರ್ ಸೈಕಲ್‌ಗಳು ಬಂದು ಆ ದುಡಿಮೆಯನ್ನು ಹಗುರ ಮಾಡಿವೆ. ಇದು ಸ್ವಾಗತಾರ್ಹ. ಆದರೆ ಹೋದ ದುಡಿಮೆಯ ಜಾಗವನ್ನು ತುಂಬುವ ಬೇರೊಂದು ಚಲನೆ ನಮ್ಮ ದಿನಚರಿಗೆ ಬರಲಿಲ್ಲ.

ಮೃದು ವ್ಯಾಯಾಮದ ಮೂಲವನ್ನು ಅರಸಿದರೆ ಒಂದು ಸ್ವಾರಸ್ಯ ತಿಳಿಯುತ್ತದೆ. ಇದನ್ನು ರೂಪಿಸಿದ ಹಿರಿಯರಲ್ಲಿ ಕೆಲವರು ಬಾಲ್ಯದಲ್ಲಿ ರೋಗದಿಂದ ಬಳಲಿದವರು. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಬಾಲ್ಯದಲ್ಲಿ ಮಲೇರಿಯಾ, ವಿಷಮಶೀತ ಜ್ವರ, ಕ್ಷಯಗಳಿಂದ ನರಳಿ ಬಡಕಲಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ತಿರುಮಲೆ ಕೃಷ್ಣಮಾಚಾರ್ಯರ ಬಳಿ ಅವರು ಯೋಗ ಕಲಿತರು. ಮುಂದೆ ಪುಣೆಯಲ್ಲಿ ನೆಲೆಸಿ, ರೋಗಿಗಳೂ ವೃದ್ಧರೂ ಆಸನ ಮಾಡುವಂತಾಗಲೆಂದು ಕುರ್ಚಿ, ಹಗ್ಗ, ಮರದ ಇಟ್ಟಿಗೆ, ದಿಂಬುಗಳ ಆಸರೆಯನ್ನು ಬಳಕೆಗೆ ತಂದರು. ನೆಲಕ್ಕೆ ಕೈ ತಾಗದವರಿಗೆ ನೆಲವನ್ನೇ ಇಟ್ಟಿಗೆಯ ಎತ್ತರಕ್ಕೆ ತಂದುಕೊಟ್ಟ ಉಪಾಯವಿದು.

ಅತ್ತ ಜರ್ಮನಿಯಲ್ಲಿ 1883ರಲ್ಲಿ ಹುಟ್ಟಿದ ಜೋಸೆಫ್ ಪಿಲಾಟೆಸ್ ಸಹ ಆಸ್ತಮಾ ಮೊದಲಾದ ಕಾಯಿಲೆಗಳಿಂದ ಬಳಲಿದ ಬಾಲಕನೇ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆತನನ್ನು ಇಂಗ್ಲೆಂಡಿನವರು ಶಿಬಿರದಲ್ಲಿ ಬಂಧಿಸಿಟ್ಟಿದ್ದರು. ಅಲ್ಲಿ ಸಹಬಂಧಿಗಳಿಗೆ ವ್ಯಾಯಾಮ ಕಲಿಸುತ್ತ ತನ್ನ ಪದ್ಧತಿಯನ್ನು ಬೆಳೆಸಿದ ಆತ 1920ರ ದಶಕದಲ್ಲಿ ನ್ಯೂಯಾರ್ಕ್ ಸೇರಿ ಅದನ್ನು ಪ್ರಚುರಗೊಳಿಸಿದ. ಹೊಟ್ಟೆ, ಸೊಂಟ, ಬೆನ್ನುಗಳ ಒಳಸ್ನಾಯುಗಳನ್ನು ಬಲಪಡಿಸಿ, ಉಸಿರಿನೊಡನೆ ಚಲನೆಯನ್ನು ಹೊಂದಿಸುವುದು ಈ ಪದ್ಧತಿಯ ತಿರುಳು. ಬೆಂಗಳೂರಿನಂತಹ ನಗರಗಳಲ್ಲಿ ಇಂದು ಜನಪ್ರಿಯವಾಗಿರುವ ಪಿಲಾಟೆಸ್ ಇದೇ.

ಕನ್ನಡ ನಾಡಿನ ಹಳ್ಳಿಗಳಿಗೆ ಯೋಗವನ್ನು ಒಯ್ದವರಲ್ಲಿ ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯ ಶ್ರೀ ರಾಘವೇಂದ್ರ ಸ್ವಾಮೀಜಿಯವರು ಸ್ಮರಣೀಯರು. ‘ತಿರುಕ’ ಎಂಬ ಹೆಸರಿನಿಂದ ಬರೆಯುತ್ತಿದ್ದ ಅವರು ಊರೂರು ಸುತ್ತಿ ಯೋಗ ಶಿಬಿರಗಳನ್ನು ನಡೆಸಿ, ಸಾಮಾನ್ಯ ಜನರ ಅಂಗಳಕ್ಕೆ ಈ ವಿದ್ಯೆಯನ್ನು ತಲುಪಿಸಿದರು. 2014ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯು ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಘೋಷಿಸಿತು. 2015ರಿಂದ ಈ ದಿನಾಚರಣೆ ಶಾಲೆ, ಕಚೇರಿ, ಮಠಗಳಲ್ಲಿ ನಡೆಯತೊಡಗಿದ ಮೇಲೆ ಚಾಪೆ ಹಿಡಿದು ಹೊರಡುವುದಕ್ಕೆ ಇದ್ದ ಸಂಕೋಚ ನಮ್ಮ ಕಡೆಯೂ ಕರಗಿತು. ವರ್ಷಕ್ಕೊಮ್ಮೆ ಆಚರಿಸುವ ದಿನ ನಿತ್ಯದ ಅಭ್ಯಾಸವಾಗಬೇಕಾದುದು ಈಗಿನ ಅಗತ್ಯ.

ಹೊಲದ ದುಡಿಮೆ ಸಾಲದೆ?

‘ಮುಂಜಾನೆಯಿಂದ ಸಂಜೆಯವರೆಗೆ ಹೊಲದಲ್ಲಿ ದುಡಿಯುವ ನಮಗೇಕೆ ವ್ಯಾಯಾಮ?’ ಎಂಬ ಪ್ರಶ್ನೆ ನಮ್ಮ ಹಳ್ಳಿಗಳಲ್ಲಿ ಸಹಜ. ಇದಕ್ಕೆ ಗೌರವದಿಂದಲೇ ಉತ್ತರ ಹುಡುಕಬೇಕು. ನಾರಾಯಣಪುರ ಜಲಾಶಯದ ಕಾಲುವೆಯ ನೀರು ಹರಿಯುವ ಸುರಪುರ, ಶಹಾಪುರ ಭಾಗಗಳಲ್ಲಿ ಭತ್ತದ ನಾಟಿ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು, ಕಳೆ ತೆಗೆಯುವುದು ಬಹುಪಾಲು ಹೆಂಗಸರ ದುಡಿಮೆ. ಯಾದಗಿರಿ ಸುತ್ತಿನ ಹತ್ತಿ, ತೊಗರಿ, ಹೆಸರಿನ ಹೊಲಗಳಲ್ಲಿಯೂ ಹಾಗೆಯೇ. ಈ ಕೆಲಸಗಳಲ್ಲಿ ಶ್ರಮ ಅಪಾರ. ಆದರೆ ಅದು ದೇಹವನ್ನು ಒಂದೇ ಕಡೆಗೆ ಎಳೆಯುವ ಶ್ರಮ. ಗಂಟೆಗಟ್ಟಲೆ ಸೊಂಟ ಮುಂದಕ್ಕೆ ಬಾಗಿರುತ್ತದೆ, ಕುಕ್ಕರುಗಾಲಿನಲ್ಲಿ ಮೊಣಕಾಲು ಪೂರ್ತಿ ಮಡಿಚಿರುತ್ತದೆ, ಒಂದೇ ಕೈ ಮೇಲಿಂದ ಮೇಲೆ ಅದೇ ಚಲನೆ ಮಾಡುತ್ತದೆ. ಬೆನ್ನಿನ ಸ್ನಾಯುಗಳು ಹಿಗ್ಗಿ ಸೋಲುತ್ತವೆ, ಎದೆಯ ಮುಂಭಾಗ ಮತ್ತು ತೊಡೆಯ ಸಂದಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಹೊಟ್ಟೆಯ ಮತ್ತು ಪೃಷ್ಠದ ಸ್ನಾಯುಗಳು ಸೊರಗುತ್ತವೆ.

ಎತ್ತಿನ ಬಂಡಿಯ ಒಂದು ಗಾಲಿ ಸವೆದು ಇನ್ನೊಂದು ಗಟ್ಟಿಯಾಗಿದ್ದರೆ ಬಂಡಿ ವಾಲುತ್ತದೆ. ದುಡಿಯುವ ದೇಹದ ಸ್ಥಿತಿಯೂ ಅಂತಹುದೇ. ವ್ಯಾಯಾಮವೆಂದರೆ ದುಡಿದ ಮೈಗೆ ಮತ್ತಷ್ಟು ದುಡಿತವನ್ನು ಹೇರುವುದಲ್ಲ. ಮುಂದಕ್ಕೆ ಬಾಗಿದುದನ್ನು ಹಿಂದಕ್ಕೆ ತರುವುದು, ಬಿಗಿದುದನ್ನು ಸಡಿಲಿಸುವುದು, ಸೊರಗಿದುದನ್ನು ಎಚ್ಚರಿಸುವುದು ಇದರ ಕೆಲಸ. ಹೊಲದಿಂದ ಬಂದ ತಾಯಿ ಹತ್ತು ನಿಮಿಷ ಬೆನ್ನು ನೆಟ್ಟಗೆ ಮಾಡಿಕೊಂಡರೆ ಅದು ಸೋಮಾರಿತನವಲ್ಲ, ಮರುದಿನದ ದುಡಿಮೆಗೆ ಮಾಡಿಕೊಂಡ ಸಿದ್ಧತೆ.

ಅಂಗಡಿ, ಕಚೇರಿ, ಶಾಲೆಗಳಲ್ಲಿ ದುಡಿಯುವವರ ಸಮಸ್ಯೆ ಇದಕ್ಕೆ ವಿರುದ್ಧವಾದುದು. ಅವರು ಅಲುಗುವುದೇ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಪುರುಷರಲ್ಲಿ ಈ ಪ್ರಮಾಣ ಶೇ 42, ಮಹಿಳೆಯರಲ್ಲಿ ಶೇ 57. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವು ಸುಮಾರು 10 ಕೋಟಿ ಭಾರತೀಯರಿಗೆ ಸಕ್ಕರೆ ಕಾಯಿಲೆಯಿದೆಯೆಂದು ಅಂದಾಜಿಸಿತು. ಈ ಎರಡು ಸಂಗತಿಗಳು ಒಂದಕ್ಕೊಂದು ಸಂಬಂಧವಿಲ್ಲದವಲ್ಲ.

ದೇಹದೊಳಗೆ ನಡೆಯುವುದೇನು?

ಮೂಳೆಗಳ ತುದಿಗಳನ್ನು ಹೊದಿಸಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ಕೀಲು ಮಡಿಚಿದಾಗ ಮೃದ್ವಸ್ಥಿ ಒತ್ತಲ್ಪಟ್ಟು, ಬಿಚ್ಚಿದಾಗ ಹಿಗ್ಗಿ ಆ ದ್ರವವನ್ನು ಹೀರಿಕೊಳ್ಳುತ್ತದೆ. ನೀರಿನಲ್ಲಿ ಅದ್ದಿದ ಅರಿವೆಯನ್ನು ಹಿಂಡಿ ಬಿಟ್ಟರೆ ಮತ್ತೆ ನೀರು ಹೀರುವಂತೆ ಇದು. ಆದುದರಿಂದ ನೋವಿದೆಯೆಂದು ಮೊಣಕಾಲನ್ನು ಪೂರ್ತಿ ಅಲುಗಿಸದೆ ಇಡುವುದು ಅದನ್ನು ಉಪವಾಸ ಕೆಡವಿದಂತೆ. ಹಾಗೆಂದು ಜಿಗಿದಾಡಿದರೆ ಸವೆತ ಹೆಚ್ಚೀತು. ಪೆಟ್ಟಿಲ್ಲದ ಚಲನೆಯೇ ಇಲ್ಲಿ ನಡುದಾರಿ.

ಮೊಣಕಾಲಿನ ಹೊರೆಯನ್ನು ಹಂಚಿಕೊಳ್ಳುವ ಮುಖ್ಯ ಸ್ನಾಯು ತೊಡೆಯ ಮುಂಭಾಗದಲ್ಲಿದೆ. ಅದು ಸೊರಗಿದರೆ ಮೆಟ್ಟಿಲು ಇಳಿಯುವಾಗ ಕಾಲು ಕುಸಿಯುವಂತೆ ಅನಿಸುತ್ತದೆ. ಮೊಣಕಾಲು ಸವೆದವರಲ್ಲಿ ತೂಕವೂ ಲೆಕ್ಕಕ್ಕೆ ಬರುತ್ತದೆ: ಒಂದು ಕಿಲೋ ತೂಕ ಇಳಿದರೆ ನಡಿಗೆಯ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆಂದು ಅಧ್ಯಯನಗಳು ತೋರಿಸಿವೆ.

ಮೂವತ್ತು ವರ್ಷ ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ನಮ್ಮ ಅರಿವಿಗೆ ಬಾರದಂತೆ ಕರಗುತ್ತದೆ. ಅರವತ್ತರ ನಂತರ ಈ ಕರಗುವಿಕೆ ಮತ್ತೂ ವೇಗ. ಆದರೆ ಕರಗಿದ್ದನ್ನು ಮರಳಿ ಪಡೆಯಲು ಯಾವ ವಯಸ್ಸೂ ತಡವಲ್ಲ. 1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ತೊಂಬತ್ತರ ಆಸುಪಾಸಿನ ವೃದ್ಧಾಶ್ರಮವಾಸಿಗಳಿಗೆ ಎಂಟು ವಾರ ತೊಡೆಯ ಸ್ನಾಯುಗಳ ತರಬೇತಿ ಕೊಡಲಾಯಿತು. ಅವರ ಕಸುವು ಸರಾಸರಿ ಎರಡು ಪಟ್ಟಿಗಿಂತಲೂ ಹೆಚ್ಚಾಯಿತು.

ಸ್ನಾಯುಗಳು ದುಡಿಯುವಾಗ ರಕ್ತದೊಳಗಿನ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಸಕ್ಕರೆ ಒಮ್ಮೆಲೇ ಏರುವುದು ತಗ್ಗುವುದು ಇದೇ ಕಾರಣಕ್ಕೆ. ನಿಯಮಿತ ವ್ಯಾಯಾಮದಿಂದ ರಕ್ತನಾಳಗಳ ಬಿಗುವು ಸಡಿಲಗೊಂಡು ರಕ್ತದೊತ್ತಡವೂ ತುಸು ಇಳಿಯುತ್ತದೆ.

ಎಷ್ಟು, ಯಾವಾಗ?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ಚಟುವಟಿಕೆ ಮಾಡಬೇಕು. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಬಿರುಸಾಗಿ ನಡೆದರೆ ಕನಿಷ್ಠ ಪ್ರಮಾಣ ಮುಟ್ಟುತ್ತದೆ. ಇದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳ ಕಸುವು ಹೆಚ್ಚಿಸುವ ಅಭ್ಯಾಸ ಬೇಕು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲದ ಅಭ್ಯಾಸ ಮಾಡಬೇಕು. ನಡಿಗೆಯೊಂದೇ ಸಾಕೆಂದು ತಿಳಿದವರು ಕೊನೆಯ ಎರಡು ಮಾತುಗಳನ್ನು ವಿಶೇಷವಾಗಿ ಗಮನಿಸಬೇಕು. ಹಿರಿಯರ ಬಾಳಿನಲ್ಲಿ ಒಂದು ಬೀಳುವಿಕೆ, ಒಂದು ಸೊಂಟದ ಮೂಳೆ ಮುರಿತ ಇಡೀ ಮನೆಯ ನೆಮ್ಮದಿಯನ್ನು ಕದಡಬಲ್ಲದು.

ಪ್ರಮಾಣ ಸರಿಯಾಗಿದೆಯೇ ಎಂದು ತಿಳಿಯಲು ಉಪಕರಣ ಬೇಕಿಲ್ಲ. ನಡೆಯುತ್ತ ಜೊತೆಯವರೊಡನೆ ಮಾತಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಮಾತೂ ಕಷ್ಟವಾದರೆ ವೇಗ ತಗ್ಗಿಸಬೇಕು.

ನಮ್ಮ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವಂತಹುದು. ಮಾರ್ಚಿನಿಂದ ಜೂನ್ ಆರಂಭದವರೆಗೆ ಬಿಸಿಲೇರುವ ಮೊದಲೇ ಅಭ್ಯಾಸ ಮುಗಿಸುವುದು ಕ್ಷೇಮ. ಆರಂಭಿಸುವ ಮುನ್ನ ಒಂದು ಲೋಟ ನೀರು ಕುಡಿಯಬೇಕು. ಊಟವಾದ ಕೂಡಲೇ ಆಸನಗಳು ಬೇಡ, ಎರಡು ಮೂರು ಗಂಟೆ ಕಳೆಯಲಿ. ಹಗುರ ನಡಿಗೆಗೆ ಈ ಕಟ್ಟಳೆಯಿಲ್ಲ.

ಮನೆಯಲ್ಲೇ ಮಾಡಬಹುದಾದ ಏಳು ಅಭ್ಯಾಸಗಳು

ಇವಕ್ಕೆ ಬೇಕಾದುದು ಒಂದು ಗಟ್ಟಿ ಕುರ್ಚಿ, ಒಂದು ಗೋಡೆ, ಒಂದು ಚಾಪೆ ಅಥವಾ ಕಂಬಳಿ. ಗಾಲಿಯುಳ್ಳ ಅಥವಾ ಜಾರುವ ಕುರ್ಚಿ ಬೇಡ. ಮೊದಲು ಐದು ನಿಮಿಷ ಮನೆಯ ಅಂಗಳದಲ್ಲಿ ನಡೆದು ಮೈ ಬೆಚ್ಚಗೆ ಮಾಡಿಕೊಳ್ಳಬೇಕು. ಎಲ್ಲ ಅಭ್ಯಾಸಗಳಲ್ಲೂ ಶ್ರಮ ಬೀಳುವಾಗ ಉಸಿರು ಹೊರಗೆ ಬಿಡಬೇಕು. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ.

1. ಕುರ್ಚಿಯಿಂದ ಏಳುವುದು: ಪಾದಗಳನ್ನು ನೆಲಕ್ಕೆ ಊರಿ, ತುಸು ಮುಂದೆ ಬಾಗಿ, ಕೈ ಆಸರೆಯಿಲ್ಲದೆ ನಿಧಾನವಾಗಿ ಎದ್ದು ನಿಧಾನವಾಗಿ ಕೂರಬೇಕು. ಆರಂಭದಲ್ಲಿ ಕೈ ಊರಿದರೂ ಸರಿ. ಎಂಟರಿಂದ ಹತ್ತು ಸಲ. ಇದು ನಮ್ಮ ಬೈಠಕಿನ ಸೌಮ್ಯ ರೂಪ.

2. ಕುಳಿತು ಕಾಲು ಚಾಚುವುದು: ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಒಂದು ಕಾಲನ್ನು ಮುಂದಕ್ಕೆ ನೇರ ಮಾಡಿ, ಪಾದವನ್ನು ತನ್ನೆಡೆಗೆ ಎಳೆದು, ತೊಡೆ ಬಿಗಿಹಿಡಿದು ಐದು ಎಣಿಸಿ ಇಳಿಸಬೇಕು. ಪ್ರತಿ ಕಾಲಿಗೆ ಹತ್ತು ಸಲ. ಮೊಣಕಾಲು ನೋವುಳ್ಳವರು ಇದರಿಂದಲೇ ಆರಂಭಿಸುವುದು ಲೇಸು.

3. ಗೋಡೆಯ ದಂಡ: ಗೋಡೆಯಿಂದ ಒಂದು ತೋಳಿನ ದೂರ ನಿಂತು, ಎದೆಯ ಮಟ್ಟದಲ್ಲಿ ಅಂಗೈಗಳನ್ನು ಗೋಡೆಗೆ ಊರಿ, ಮೊಣಕೈ ಮಡಿಚಿ ಎದೆಯನ್ನು ಗೋಡೆಯತ್ತ ತಂದು ಮರಳಿ ತಳ್ಳಬೇಕು. ಗರಡಿಯ ದಂಡವೇ ಇಲ್ಲಿ ಗೋಡೆಗೆ ಬಂದಿದೆ. ಹತ್ತು ಸಲ.

4. ಸೇತುಬಂಧ: ಅಂಗಾತ ಮಲಗಿ, ಮೊಣಕಾಲು ಮಡಿಚಿ, ಪಾದ ಊರಿ, ಸೊಂಟವನ್ನು ಮೇಲೆತ್ತಿ ಮೂರು ಉಸಿರಿನಷ್ಟು ಕಾಲ ನಿಲ್ಲಿಸಿ ಇಳಿಸಬೇಕು. ನಾಟಿ, ಕಳೆಯ ಕೆಲಸದಲ್ಲಿ ಬಾಗಿ ಬಾಗಿ ದಣಿದ ಸೊಂಟಕ್ಕೆ ಇದು ವಿಶೇಷ ಹಿತ. ಆರರಿಂದ ಎಂಟು ಸಲ.

5. ಮಾರ್ಜಾಲಾಸನ: ಅಂಗೈ ಮತ್ತು ಮೊಣಕಾಲುಗಳ ಮೇಲೆ ನಿಂತು, ಉಸಿರು ಬಿಡುತ್ತ ಬೆನ್ನನ್ನು ಮೇಲಕ್ಕೆ ಉಬ್ಬಿಸಿ, ಉಸಿರು ಎಳೆಯುತ್ತ ಕೆಳಕ್ಕೆ ತಗ್ಗಿಸಬೇಕು. ಮೊಣಕಾಲಿನ ಕೆಳಗೆ ಮಡಿಚಿದ ಕಂಬಳಿ ಇರಲಿ. ಅದೂ ನೋಯುವುದಾದರೆ ಕುರ್ಚಿಯಲ್ಲಿ ಕುಳಿತೇ ಬೆನ್ನನ್ನು ಹೀಗೆ ಆಡಿಸಬಹುದು. ಎಂಟು ಸಲ.

6. ಹಿಮ್ಮಡಿ ಎತ್ತುವುದು: ಕುರ್ಚಿಯ ಬೆನ್ನನ್ನು ಹಿಡಿದು ನಿಂತು, ಎರಡೂ ಹಿಮ್ಮಡಿಗಳನ್ನು ಎತ್ತಿ ಮೂರು ಎಣಿಸಿ ಇಳಿಸಬೇಕು. ಮೀನಖಂಡದ ಸ್ನಾಯುಗಳು ಬಲಗೊಂಡು ಕಾಲಿನ ರಕ್ತ ಮೇಲಕ್ಕೆ ಚಲಿಸಲು ನೆರವಾಗುತ್ತದೆ. ಹತ್ತು ಸಲ.

7. ಒಂಟಿಕಾಲಿನ ನಿಲುವು: ಗೋಡೆಯ ಪಕ್ಕ, ಆಸರೆ ಕೈಗೆಟುಕುವಂತೆ ನಿಂತು, ಒಂದು ಪಾದವನ್ನು ನೆಲದಿಂದ ತುಸುವೇ ಎತ್ತಿ ಹತ್ತು ಎಣಿಸಬೇಕು. ಆಮೇಲೆ ಇನ್ನೊಂದು ಕಾಲು. ಕಣ್ಣು ಮುಚ್ಚಬಾರದು.

ಮೊದಲ ಎರಡು ವಾರ ಒಂದು ಸುತ್ತು ಸಾಕು, ದಿನ ಬಿಟ್ಟು ದಿನ ಮಾಡಿದರೂ ಸಾಕು. ದೇಹ ಒಗ್ಗಿದ ಮೇಲೆ ಎರಡು ಸುತ್ತಿಗೆ ಏರಿಸಬಹುದು. ಪ್ರಗತಿಯನ್ನು ಅಳೆಯಲು ಸರಳ ಪರೀಕ್ಷೆಯೊಂದಿದೆ: ಕೈಗಳನ್ನು ಎದೆಯ ಮೇಲೆ ಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಕಸುವು ಕುಂದಿದೆಯೆಂದು ಅರ್ಥ. ತಿಂಗಳಿಗೊಮ್ಮೆ ಮನೆಯ ಹಿರಿಯರಿಗೆ ಈ ಪರೀಕ್ಷೆ ಮಾಡಿಸಿ, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಸುಧಾರಣೆ ಕಣ್ಣಿಗೆ ಕಾಣುತ್ತದೆ.

ಇಷ್ಟಲಿಂಗ ಪೂಜೆಗೆ ಕುಳಿತಾಗ ಬೆನ್ನು ನೆಟ್ಟಗಿರಬೇಕು, ಲಿಂಗವನ್ನು ಹಿಡಿದ ಎಡಗೈ ಅಲುಗದೆ ನಿಲ್ಲಬೇಕು. ಬೆನ್ನು, ಭುಜ, ಸೊಂಟಗಳ ಒಳಸ್ನಾಯುಗಳು ಬಲವಾಗಿದ್ದವರಿಗೆ ಈ ಸ್ಥಿರತೆ ಸಹಜವಾಗಿ ಒದಗುತ್ತದೆ. ಮೈಯ ನೋವು ಮನಸ್ಸನ್ನು ಎಳೆಯುವುದಿಲ್ಲ. ನೆಲದ ಮೇಲೆ ಕೂರಲಾಗದ ಹಿರಿಯರು ಕುರ್ಚಿಯಲ್ಲಿ ಕುಳಿತು ಪೂಜಿಸುವುದರಲ್ಲಿ ಯಾವ ಕೊರತೆಯೂ ಇಲ್ಲ. ನೋವನ್ನು ಸಹಿಸಿ ಪದ್ಮಾಸನಕ್ಕೆ ಮೊಣಕಾಲನ್ನು ಬಲವಂತವಾಗಿ ಮಡಿಚುವುದು ಮಾತ್ರ ಸರಿಯಲ್ಲ.

ಎಚ್ಚರಿಕೆಯ ಮಾತುಗಳು

ವ್ಯಾಯಾಮದ ಜನಪ್ರಿಯತೆಯ ಜೊತೆಗೆ ಅತಿಶಯದ ಮಾತುಗಳೂ ಹರಡಿವೆ. ಮೊಬೈಲಿನಲ್ಲಿ ಬರುವ ದೃಶ್ಯಗಳು ಕೆಲವೇ ದಿನಗಳಲ್ಲಿ ಸಕ್ಕರೆ ಕಾಯಿಲೆ ಮಾಯವಾಗುವುದೆಂದು, ಬಿ.ಪಿ. ಗುಳಿಗೆ ಬಿಡಬಹುದೆಂದು ಭರವಸೆ ನೀಡುತ್ತವೆ. ಸತ್ಯವನ್ನು ಅಳೆದು ನೋಡಬೇಕು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕ ನಿಯಮಿತ ವ್ಯಾಯಾಮದಿಂದ ಸರಾಸರಿ 0.6ರಷ್ಟು ಇಳಿಯುತ್ತದೆಂದು ಅನೇಕ ಅಧ್ಯಯನಗಳು ತಿಳಿಸುತ್ತವೆ. ಇದು ಗಣನೀಯ ಲಾಭ. ಆದರೆ 9 ಇದ್ದ ಅಂಕ ಇದರಿಂದ 8.4 ಆದೀತು, ಗುಣವಾದಂತಾಗದು. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಿದವರಿಗೆ ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡದ ಹಾನಿಯ ಅಪಾಯ ಕಾದಿರುತ್ತದೆ. ಗುಳಿಗೆ ಕಡಿಮೆ ಮಾಡುವ ತೀರ್ಮಾನ ಪರೀಕ್ಷೆಯ ಅಂಕಗಳನ್ನು ನೋಡಿದ ವೈದ್ಯರದ್ದಾಗಿರಬೇಕು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಗುಳಿಗೆ ತೆಗೆದುಕೊಳ್ಳುವವರಿಗೆ ಬರಿಹೊಟ್ಟೆಯ ವ್ಯಾಯಾಮದಿಂದ ಸಕ್ಕರೆ ತೀರ ಕುಸಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಕೂಡಲೇ ನಿಲ್ಲಿಸಿ ಸಕ್ಕರೆ ಅಥವಾ ಬೆಲ್ಲ ತಿನ್ನಬೇಕು. ಜೇಬಿನಲ್ಲಿ ಸದಾ ಒಂದು ತುಣುಕು ಇರಲಿ. ಪಾದದ ಸ್ಪರ್ಶ ಮಂದವಾದವರು ಬರಿಗಾಲಿನಲ್ಲಿ ನಡೆಯಬಾರದು. ಹೃದ್ರೋಗವುಳ್ಳವರು, ರಕ್ತದೊತ್ತಡ ಹತೋಟಿಗೆ ಬಾರದವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಕಪಾಲಭಾತಿಯಂತಹ ರಭಸದ ಉಸಿರಾಟ ಗರ್ಭಿಣಿಯರಿಗೆ, ಅಧಿಕ ರಕ್ತದೊತ್ತಡ ಮತ್ತು ಹರ್ನಿಯಾ ಉಳ್ಳವರಿಗೆ ತರವಲ್ಲ. ಗ್ಲಾಕೋಮಾ ಇರುವವರು ತಲೆಕೆಳಗಾಗುವ ಆಸನಗಳನ್ನು ಬಿಡಬೇಕು. ಮೂಳೆ ಸವೆತವುಳ್ಳ ಹಿರಿಯರು ಬೆನ್ನನ್ನು ಗೂನಾಗಿಸಿ ಮುಂದಕ್ಕೆ ಆಳವಾಗಿ ಬಾಗುವ ಆಸನಗಳನ್ನು ಮಾಡಬಾರದು. ಎದೆನೋವು, ಉಸಿರುಗಟ್ಟುವಿಕೆ, ತಲೆ ತಿರುಗುವಿಕೆ ಕಂಡರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಕೀಲಿನ ನೋವಿನ ವಿಷಯದಲ್ಲಿ ಒಂದು ಸರಳ ನಿಯಮ: ವ್ಯಾಯಾಮದ ವೇಳೆ ಸಣ್ಣ ನೋವಿದ್ದರೆ ಚಿಂತೆಯಿಲ್ಲ. ಮುಗಿದು ಎರಡು ಗಂಟೆಯಾದರೂ ಹೆಚ್ಚಿದ ನೋವು ತಗ್ಗದಿದ್ದರೆ ಅಥವಾ ಮರುದಿನ ಬಾವು ಬಂದರೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಬೇಕು.

ನೋವಿನ ಮೂಲ ನೀರಿನಲ್ಲಿದ್ದರೆ?

ನಮ್ಮ ಜಿಲ್ಲೆಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಮರೆಯಲಾಗದು. ಯಾದಗಿರಿ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರುವುದು ಒಪ್ಪತಕ್ಕ ಮಿತಿ. ಬೇರೆ ನೀರಿನ ಮೂಲವಿಲ್ಲದಲ್ಲಿ 1.5ರವರೆಗೆ ಮಾತ್ರ ಅವಕಾಶ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲುಗಳಲ್ಲಿ ಫ್ಲೋರೈಡ್ ಸೇರಿಕೊಂಡು ಕತ್ತು, ಬೆನ್ನು, ಮೊಣಕಾಲುಗಳು ಬಿಗಿಯುತ್ತವೆ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತವೆ. ಒಂದೇ ಓಣಿಯಲ್ಲಿ ಹಲವರಿಗೆ ನಡುವಯಸ್ಸಿನಲ್ಲೇ ಮೈ ಬಿಗಿತ, ಮಕ್ಕಳ ಹಲ್ಲಿನಲ್ಲಿ ಕಲೆ ಕಂಡುಬಂದರೆ ಮೊದಲು ನೀರನ್ನು ಪರೀಕ್ಷೆ ಮಾಡಿಸಬೇಕು. ಅಂತಹ ನೋವನ್ನು ಯಾವ ಆಸನವೂ ನಿವಾರಿಸದು. ನೀರನ್ನು ಕುದಿಸುವುದರಿಂದಲೂ ಫ್ಲೋರೈಡ್ ಹೋಗದು. ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಕುಡಿಯುವುದಕ್ಕಷ್ಟೇ ಅಲ್ಲದೆ ಅಡಿಗೆಗೂ ಬಳಸಬೇಕು.

ಮನೆಯವರು ಬಿಟ್ಟುಕೊಡಬೇಕಾದ ಅರ್ಧ ಗಂಟೆ

ಮೃದು ವ್ಯಾಯಾಮಕ್ಕೆ ಖರ್ಚಿಲ್ಲ. ಇದಕ್ಕೆ ಬೇಕಾದುದು ಸಮಯ. ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ತಡವಾಗಿ ಮಲಗುವವರು ತಾಯಂದಿರು. ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ, ಹೊಲಕ್ಕೆ ಹೊರಡುವ ಅವರಿಗೆ ‘ದಿನಾಲು ವ್ಯಾಯಾಮ ಮಾಡಿರಿ’ ಎಂದು ಹೇಳುವುದು ಸುಲಭ. ಆ ಅರ್ಧ ಗಂಟೆಯಲ್ಲಿ ಒಲೆಯ ಮುಂದೆ ಯಾರು ನಿಲ್ಲಬೇಕು, ನೀರು ಯಾರು ತುಂಬಬೇಕು ಎಂಬುದನ್ನು ಮನೆಯ ಗಂಡಸರು, ಬೆಳೆದ ಮಕ್ಕಳು ಮೊದಲು ತೀರ್ಮಾನಿಸಿದರೆ ಆ ಮಾತಿಗೆ ಬೆಲೆ ಬರುತ್ತದೆ. ಶರಣರು ಕಾಯವನ್ನು ತುಚ್ಛವೆಂದು ಕಂಡವರಲ್ಲ, ಕಾಯಕದಲ್ಲಿ ಗಂಡು ಹೆಣ್ಣೆಂಬ ಮೇಲು ಕೀಳನ್ನು ಎಣಿಸಿದವರೂ ಅಲ್ಲ.

ಓಣಿಯ ಐದಾರು ತಾಯಂದಿರು ಕೂಡಿ ಒಂದು ಮನೆಯ ಪಡಸಾಲೆಯಲ್ಲಿ ಅಭ್ಯಾಸ ಮಾಡಿದರೆ ಸಂಕೋಚವೂ ಕಳೆಯುತ್ತದೆ, ನಾಗಾ ಆಗುವುದೂ ತಪ್ಪುತ್ತದೆ. ಆರಂಭಿಸುವ ಮುನ್ನ ಮೂವತ್ತು ದಾಟಿದ ಪ್ರತಿಯೊಬ್ಬರೂ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಲಿ. ನೋವು ಹಳೆಯದಾಗಿದ್ದರೆ ಫಿಜಿಯೋಥೆರಪಿ ತಜ್ಞರ ಸಲಹೆ ಪಡೆಯಲಿ. ಮೂರು ತಿಂಗಳು ಬಿಡದೆ ಮಾಡಿದವರು ಮೆಟ್ಟಿಲು ಹತ್ತುವಾಗ, ನೆಲದಿಂದ ಏಳುವಾಗ, ಮೊಮ್ಮಗುವನ್ನು ಎತ್ತಿಕೊಳ್ಳುವಾಗ ವ್ಯತ್ಯಾಸವನ್ನು ತಾವೇ ಕಾಣುವರು. ಇಂದು ಸಂಜೆ ಕುರ್ಚಿಯಿಂದ ಐದು ಸಲ ಎದ್ದು ಕೂರುವುದರೊಂದಿಗೆ ಇದನ್ನು ಆರಂಭಿಸಬಹುದು.